ಗ್ಯಾಸ್ ಅಲಾರಂ ಸುಮ್ಮನಿದೆಯೋ, ಕೆಟ್ಟಿದೆಯೋ? ಸರ್ಕ್ಯೂಟ್ ಜೋಡಿಸುವ, ಹೊಂದಿಸುವ ಬಗೆ

ಗ್ಯಾಸ್ ಅಲಾರಂ ಕೂಗದೆ ಸುಮ್ಮನಿದೆ ಅಂದರೆ ಅದಕ್ಕೆ ಎರಡು ಕಾರಣ ಇರಬಹುದು. ಗ್ಯಾಸ್ ಸೋರುತ್ತಿಲ್ಲ, ಅಥವಾ ಅಲಾರಂ ಕೆಟ್ಟಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಫ್ಯಾನ್ ಕೆಟ್ಟರೆ ಸ್ವಿಚ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಅಲಾರಂ ಕೆಟ್ಟರೆ ಗೊತ್ತಾಗುವುದು ಗ್ಯಾಸ್ ಸೋರಿದ ದಿನ, ಅಂದರೆ ಗೊತ್ತಾಗಿ ಪ್ರಯೋಜನವಿಲ್ಲದ ದಿನ. ಈ ಸರ್ಕ್ಯೂಟಿನ ಕಷ್ಟವೆಲ್ಲ ಇರುವುದು ಇಲ್ಲೇ.

ಎಂಕ್ಯೂ-6 ಸೆನ್ಸರ್ ಇಟ್ಟುಕೊಂಡು ಎಲ್‌ಪಿಜಿ ಅಲಾರಂ ಮಾಡುವುದು ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹಳ ಇಷ್ಟದ ಪ್ರಾಜೆಕ್ಟ್. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಲೈಟರ್ ಹಿಡಿದಾಗ ಬಜರ್ ಕೂಗಿದರೆ ಪ್ರಾಜೆಕ್ಟ್ ಮುಗಿದಂತೆ. ಆದರೆ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕಾಯಬೇಕಾದ ಸರ್ಕ್ಯೂಟಿಗೆ ಅಷ್ಟು ಸಾಲದು. ಯಾವ ತಂತಿ ಕಿತ್ತುಬಂದರೆ ಏನಾಗುತ್ತದೆ, ಕರೆಂಟ್ ಹೋದರೆ ಏನಾಗುತ್ತದೆ, ಪ್ರಿಸೆಟ್ (ಸ್ಕ್ರೂ ಡ್ರೈವರಿನಿಂದ ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಸಡಿಲವಾದರೆ ಏನಾಗುತ್ತದೆ ಅಂತ ಒಂದೊಂದನ್ನೂ ಕೇಳಿಕೊಂಡು ವೈರಿಂಗ್ ಮಾಡಬೇಕು. ಅದನ್ನೇ ಇಲ್ಲಿ ಹಂತ ಹಂತವಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸರ್ಕ್ಯೂಟ್ ಕಲಿಯುವುದಕ್ಕೆ ಬಹಳ ಒಳ್ಳೆಯದು. ಆದರೆ ಮನೆಯವರ ಜೀವ ಅದೊಂದನ್ನೇ ನಂಬಿಕೊಂಡಿರಬೇಕು ಅಂದರೆ, ಪರೀಕ್ಷೆಗೆ ಒಳಪಟ್ಟು ಪ್ರಮಾಣಪತ್ರ ಪಡೆದ ಡಿಟೆಕ್ಟರನ್ನೇ ಕೊಳ್ಳಿ. ನೀವು ಮಾಡಿದ್ದು ಅದರ ಜೊತೆಗಿರಲಿ.

ಸೆನ್ಸರ್ ಒಳಗೆ ಏನಿದೆ

ಈ ಜಾತಿಯ ಸೆನ್ಸರ್ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಮನೆಗಳಿಗೆ ಪ್ರೋಪೇನ್ ಗ್ಯಾಸ್ ಬಂದ ಮೇಲೆ ಸೋರಿಕೆಯಿಂದ ಸ್ಫೋಟಗಳಾಗುತ್ತಿದ್ದವು. ನಾವೊಯೋಶಿ ತಗುಚಿ ಎಂಬವರು 1962ರಲ್ಲಿ ಲೋಹದ ಆಕ್ಸೈಡ್ ಬಳಸಿ ಗ್ಯಾಸ್ ಪತ್ತೆ ಮಾಡುವ ಸೆನ್ಸರ್ ರೂಪಿಸಿದರು. ಅದನ್ನು ತಯಾರಿಸುವ ಫಿಗಾರೊ ಕಂಪನಿ 1969ರಲ್ಲಿ ಶುರುವಾಯಿತು. ಇವತ್ತು ನಮ್ಮ ಕೈಗೆ ಅಗ್ಗವಾಗಿ ಸಿಗುವ ಎಂಕ್ಯೂ ಸರಣಿಯ ಸೆನ್ಸರ್‌ಗಳು ಚೀನಾದವು. ಕೆಲಸ ಮಾಡುವ ರೀತಿ ಮಾತ್ರ ಅದೇ.

ಒಳಗೆ ಒಂದು ಪುಟ್ಟ ಸೆರಾಮಿಕ್ ಕೊಳವೆ ಇದೆ. ಅದರ ಮೇಲೆ ಟಿನ್ ಆಕ್ಸೈಡ್ ಲೇಪ, ಒಳಗೆ ಹೀಟರ್ ತಂತಿ. ಲೇಪ ನೂರಾರು ಡಿಗ್ರಿ ಬಿಸಿಯಾದಾಗ ಗಾಳಿಯ ಆಮ್ಲಜನಕ ಅದಕ್ಕೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಲೇಪದ ರೆಸಿಸ್ಟೆನ್ಸ್ ಜಾಸ್ತಿ. ಎಲ್‌ಪಿಜಿ ಬಂದರೆ ಅದು ಈ ಆಮ್ಲಜನಕದ ಜೊತೆ ಸೇರಿ ಉರಿಯುತ್ತದೆ, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಇಷ್ಟೇ ವಿಷಯ. ಗ್ಯಾಸ್ ಜಾಸ್ತಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆ. ಮೇಲಿರುವ ಎರಡು ಪದರದ ಸ್ಟೀಲ್ ಜಾಲರಿ ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಒಳಗಿನ ಬಿಸಿಯಿಂದ ಕಿಡಿ ಹೊತ್ತಿದರೂ ಅದು ಹೊರಗಿನ ಗ್ಯಾಸಿಗೆ ದಾಟದಂತೆ ತಡೆಯುತ್ತದೆ. ಹಾಗಾಗಿ ಜಾಲರಿ ಕಿತ್ತುಹೋದ ಸೆನ್ಸರನ್ನು ಎಸೆದುಬಿಡಿ.

ಕಾಲುಗಳು ಆರು. ಎರಡು ಸಾಲು, ಸಾಲಿಗೆ ಮೂರು. ಒಂದು ಸಾಲಿನಲ್ಲಿ ಎ, ಎಚ್, ಎ. ಇನ್ನೊಂದರಲ್ಲಿ ಬಿ, ಎಚ್, ಬಿ. ನಡುವಿನ ಎರಡು ಎಚ್ ಹೀಟರಿನವು. ಎರಡು ಎ ಒಳಗೇ ಒಂದಕ್ಕೊಂದು ಸೇರಿವೆ, ಎರಡು ಬಿ ಕೂಡ ಹಾಗೆಯೇ. ಟಿನ್ ಆಕ್ಸೈಡ್ ಲೇಪ ಇರುವುದು ಎ ಮತ್ತು ಬಿ ನಡುವೆ. ಎರಡು ಎ ಕಾಲುಗಳಲ್ಲಿ ಒಂದಕ್ಕೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್ ಕೊಟ್ಟರೆ ನೇರ ಶಾರ್ಟ್ ಆಗುತ್ತದೆ. ಆದ್ದರಿಂದ ಪವರ್ ಕೊಡುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಎ ಮತ್ತು ಎ ನಡುವೆ ಸೊನ್ನೆಯ ಹತ್ತಿರ ಇರಬೇಕು. ಎಚ್ ಮತ್ತು ಎಚ್ ನಡುವೆ ಸುಮಾರು 33 ಓಮ್ ಇರಬೇಕು. ಎ ಮತ್ತು ಬಿ ನಡುವೆ ತಣ್ಣಗಿರುವಾಗ ಮೀಟರ್ ಬಹಳ ಮೇಲಿನ ಅಂಕಿ ತೋರಿಸುತ್ತದೆ, ಇಲ್ಲವೇ ಏನೂ ತೋರಿಸುವುದಿಲ್ಲ.

ಆ 33 ಓಮ್ ನೆನಪಿರಲಿ. 5 ವೋಲ್ಟಿಗೆ ಲೆಕ್ಕ ಹಾಕಿದರೆ ಹೀಟರ್ ಒಂದೇ 150 ಮಿಲಿಆಂಪ್ ಎಳೆಯುತ್ತದೆ, ಅದೂ ಹಗಲೂ ರಾತ್ರಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯಲ್ಲಿ ಇದನ್ನು ನಡೆಸಲು ಹೊರಟರೆ ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಖಾಲಿ. ಒಳ್ಳೆಯ 5 ವೋಲ್ಟ್ ಅಡಾಪ್ಟರ್ ಬೇಕು, ಕನಿಷ್ಠ ಅರ್ಧ ಆಂಪ್‌ನದ್ದು.

ರೆಸಿಸ್ಟೆನ್ಸನ್ನು ವೋಲ್ಟೇಜ್ ಮಾಡುವುದು

ಎ ಕಾಲಿಗೆ 5 ವೋಲ್ಟ್ ಕೊಡಿ. ಬಿ ಕಾಲಿನಿಂದ ಗ್ರೌಂಡಿಗೆ ಒಂದು ಲೋಡ್ ರೆಸಿಸ್ಟರ್ ಹಾಕಿ. ಈ ಎರಡರ ನಡುವಿನ ಬಿಂದುವಿನಲ್ಲಿ ಸಿಗುವ ವೋಲ್ಟೇಜೇ ನಮ್ಮ ಸಿಗ್ನಲ್. ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪತ್ರ, ಸೂಚಿಸುವ ಲೋಡ್ 20 ಕಿಲೋ ಓಮ್.

ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಸೆನ್ಸರ್ 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಎಲ್‌ಪಿಜಿಯಲ್ಲಿ 20 ಕಿಲೋ ಓಮ್ ತೋರಿಸುತ್ತದೆ ಅಂತಿಟ್ಟುಕೊಳ್ಳಿ. ಶುದ್ಧ ಗಾಳಿಯಲ್ಲಿ ಅದರ ಹತ್ತುಪಟ್ಟು, ಅಂದರೆ 200 ಕಿಲೋ ಓಮ್ ಆಸುಪಾಸು ಇರುತ್ತದೆ. ಆಗ ಶುದ್ಧ ಗಾಳಿಯಲ್ಲಿ ಸಿಗ್ನಲ್ 0.45 ವೋಲ್ಟ್. 1000 ಪಿಪಿಎಂನಲ್ಲಿ 2.5 ವೋಲ್ಟ್. 2000 ಪಿಪಿಎಂಗೆ ಏರಿದರೆ ರೆಸಿಸ್ಟೆನ್ಸ್ 15 ಕಿಲೋ ಓಮ್ ಹತ್ತಿರ ಬಂದು ಸಿಗ್ನಲ್ 2.85 ವೋಲ್ಟ್ ಆಗುತ್ತದೆ. ಗಮನಿಸಿ, ಗ್ಯಾಸ್ ಎರಡುಪಟ್ಟಾದರೂ ವೋಲ್ಟೇಜ್ ಎರಡುಪಟ್ಟಾಗಲಿಲ್ಲ. ಈ ಸೆನ್ಸರಿನ ಗ್ರಾಫ್ ನೇರ ಗೆರೆಯಲ್ಲ. ಮೊದಲ ಸ್ವಲ್ಪ ಗ್ಯಾಸಿಗೆ ದೊಡ್ಡ ಜಿಗಿತ, ಆಮೇಲೆ ನಿಧಾನ.

ರೆಡಿಮೇಡ್ ಮಾಡ್ಯೂಲ್ (ಸೆನ್ಸರ್, ಐಸಿ ಎಲ್ಲ ಜೋಡಿಸಿಯೇ ಬರುವ ಬೋರ್ಡ್) ತಂದವರು ಇಲ್ಲಿ ಒಮ್ಮೆ ನಿಂತು ನೋಡಬೇಕು. ಆ ನೀಲಿ ಬೋರ್ಡುಗಳಲ್ಲಿ ಹಲವಕ್ಕೆ 20 ಕಿಲೋ ಬದಲು 1 ಕಿಲೋ ಓಮ್ ಲೋಡ್ ಹಾಕಿರುತ್ತಾರೆ. ಬೋರ್ಡಿನ ಹಿಂದೆ 102 ಅಂತ ಬರೆದಿರುವ ಸಾಸಿವೆ ಗಾತ್ರದ ಕಪ್ಪು ರೆಸಿಸ್ಟರ್ ಅದು. ಮೇಲಿನ ಲೆಕ್ಕವನ್ನೇ 1 ಕಿಲೋಗೆ ಹಾಕಿ ನೋಡಿ. ಶುದ್ಧ ಗಾಳಿಯಲ್ಲಿ 0.025 ವೋಲ್ಟ್, 1000 ಪಿಪಿಎಂನಲ್ಲಿ 0.24 ವೋಲ್ಟ್. ನಮಗೆ ಬೇಕಾದ ವ್ಯಾಪ್ತಿಯೆಲ್ಲ ಪ್ರಿಸೆಟ್ಟಿನ ಒಂದು ಮೂಲೆಯಲ್ಲಿ ಅಡಗಿಹೋಯಿತು. ಸ್ಕ್ರೂ ಡ್ರೈವರ್ ಕೂದಲೆಳೆಯಷ್ಟು ತಿರುಗಿಸಿದರೆ ಅಲಾರಂ ಒಂದೋ ಸದಾ ಕೂಗುತ್ತದೆ, ಇಲ್ಲವೇ ಎಂದೂ ಕೂಗುವುದಿಲ್ಲ. 'ನನ್ನ ಮಾಡ್ಯೂಲ್ ಅಡ್ಜಸ್ಟ್ ಆಗೋದೇ ಇಲ್ಲ' ಅನ್ನುವವರು ಸೆನ್ಸರನ್ನು ದೂರುವ ಮೊದಲು ಈ ರೆಸಿಸ್ಟರ್ ನೋಡಲಿ. ಅದನ್ನು ಬಿಚ್ಚಿ 20 ಅಥವಾ 22 ಕಿಲೋ ಹಾಕಿದರೆ ಬಹುಪಾಲು ತೊಂದರೆ ಅಲ್ಲೇ ಮುಗಿಯುತ್ತದೆ.

ಕೂಗಬೇಕೋ ಬೇಡವೋ ಅಂತ ತೀರ್ಮಾನಿಸುವ ಐಸಿ

ಸಿಗ್ನಲ್ ಒಂದು ಮಟ್ಟ ದಾಟಿತೇ ಅಂತ ನೋಡಿ ಹೇಳುವುದು ಕಂಪ್ಯಾರೇಟರ್ ಕೆಲಸ. ಎಲ್‌ಎಂ393 ಅದಕ್ಕೆ ಹೇಳಿಮಾಡಿಸಿದ ಐಸಿ. ಎಂಟು ಕಾಲು, ಒಳಗೆ ಎರಡು ಕಂಪ್ಯಾರೇಟರ್. 8ನೇ ಪಿನ್‌ಗೆ 5 ವೋಲ್ಟ್, 4ನೇ ಪಿನ್‌ಗೆ ಗ್ರೌಂಡ್. ಐಸಿಯ ಪಕ್ಕದಲ್ಲೇ ಇವೆರಡರ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ.

ಸೆನ್ಸರ್ ಸಿಗ್ನಲ್ 2ನೇ ಪಿನ್‌ಗೆ, ಅಂದರೆ ಮೈನಸ್ ಇನ್‌ಪುಟ್‌ಗೆ. 10 ಕಿಲೋ ಪ್ರಿಸೆಟ್‌ನ ಎರಡು ತುದಿ 5 ವೋಲ್ಟ್ ಮತ್ತು ಗ್ರೌಂಡಿಗೆ. ಅದರ ನಡುಗಾಲಿನಿಂದ 10 ಕಿಲೋ ರೆಸಿಸ್ಟರ್ ಮೂಲಕ 3ನೇ ಪಿನ್‌ಗೆ, ಅಂದರೆ ಪ್ಲಸ್ ಇನ್‌ಪುಟ್‌ಗೆ. ಔಟ್‌ಪುಟ್ 1ನೇ ಪಿನ್. ಗ್ಯಾಸ್ ಬಂದು ಸಿಗ್ನಲ್ ಪ್ರಿಸೆಟ್ ಮಟ್ಟಕ್ಕಿಂತ ಮೇಲೇರಿದರೆ 1ನೇ ಪಿನ್ ಸೊನ್ನೆಗೆ ಇಳಿಯುತ್ತದೆ. ಸಿಗ್ನಲ್ಲೂ ಪ್ರಿಸೆಟ್ಟೂ ಒಂದೇ 5 ವೋಲ್ಟಿನಿಂದ ಬರುವುದರಿಂದ ಅಡಾಪ್ಟರ್ ಸ್ವಲ್ಪ ಏರಿಳಿದರೂ ಇವೆರಡರ ಹೋಲಿಕೆ ಕೆಡುವುದಿಲ್ಲ. ಹೀಟರ್ ಬಿಸಿ ಮಾತ್ರ ಬದಲಾಗುತ್ತದೆ, ಆ ಎಚ್ಚರ ಇರಲಿ.

ಈ ಐಸಿಯ ಒಂದು ಸ್ವಭಾವ ಹೊಸಬರನ್ನು ತುಂಬಾ ಕಾಡಿಸುತ್ತದೆ. ಅದು ಔಟ್‌ಪುಟ್ಟನ್ನು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಓಪನ್ ಕಲೆಕ್ಟರ್ ಅನ್ನುವುದು ಇದಕ್ಕೇ. ಆದ್ದರಿಂದ 1ನೇ ಪಿನ್‌ನಿಂದ 5 ವೋಲ್ಟಿಗೆ 10 ಕಿಲೋ ಪುಲ್‌ಅಪ್ ರೆಸಿಸ್ಟರ್ ಇರಲೇಬೇಕು. ಕೆಳಗೆ ಎಳೆಯುವ ಶಕ್ತಿಯೂ ಕೆಲವೇ ಮಿಲಿಆಂಪ್. ಸುಮಾರು 30 ಮಿಲಿಆಂಪ್ ಕೇಳುವ ಬಜರನ್ನು ನೇರ ಇದಕ್ಕೆ ಕಟ್ಟಬೇಡಿ. ನಡುವೆ ಟ್ರಾನ್ಸಿಸ್ಟರ್ ಬೇಕು.

ಔಟ್‌ಪುಟ್ ಇಳಿದಾಗ ಬಜರ್ ಕೂಗಬೇಕಾದ್ದರಿಂದ ಪಿಎನ್‌ಪಿ ಜಾತಿಯ ಬಿಸಿ557 ಸರಿಹೋಗುತ್ತದೆ. ಎಮಿಟರ್ 5 ವೋಲ್ಟಿಗೆ. ಬೇಸ್ 2.2 ಕಿಲೋ ಮೂಲಕ 1ನೇ ಪಿನ್‌ಗೆ. ಕಲೆಕ್ಟರ್‌ನಿಂದ ಗ್ರೌಂಡಿಗೆ 5 ವೋಲ್ಟ್ ಬಜರ್. ಬೇಸ್‌ನಲ್ಲಿ ಹರಿಯುವುದು 2 ಮಿಲಿಆಂಪಿಗಿಂತ ಕಡಿಮೆ, ಐಸಿಗೆ ಅದು ಭಾರವಲ್ಲ.

ಇಷ್ಟೇ ಕಟ್ಟಿ ನಿಲ್ಲಿಸಿದರೆ ಒಂದು ತೊಂದರೆ. ಗ್ಯಾಸ್ ಮಟ್ಟ ಸರಿಯಾಗಿ ಗಡಿಯಲ್ಲಿದ್ದಾಗ ಬಜರ್ ಕಿರ್‌ಕಿರ್ ಅಂತ ತಡವರಿಸುತ್ತದೆ. ಸಿಗ್ನಲ್‌ನ ಸಣ್ಣ ನಡುಕಕ್ಕೂ ಐಸಿ ಹೌದು-ಇಲ್ಲ ಅನ್ನುತ್ತಿರುತ್ತದೆ. ಇದಕ್ಕೆ ಮದ್ದು 1ನೇ ಪಿನ್‌ನಿಂದ 3ನೇ ಪಿನ್‌ಗೆ ಒಂದು 470 ಕಿಲೋ ರೆಸಿಸ್ಟರ್. ಅಲಾರಂ ಕೂಗಲು ಶುರುವಾದ ಕೂಡಲೇ ಈ ರೆಸಿಸ್ಟರ್ ಹೋಲಿಕೆಯ ಮಟ್ಟವನ್ನೇ ಸುಮಾರು 0.1 ವೋಲ್ಟ್ ಕೆಳಗೆ ಎಳೆಯುತ್ತದೆ. 2.45 ವೋಲ್ಟಿನಲ್ಲಿ ಕೂಗಲು ಶುರುಮಾಡಿದ ಅಲಾರಂ 2.35ಕ್ಕೆ ಇಳಿದ ಮೇಲಷ್ಟೇ ನಿಲ್ಲುತ್ತದೆ. ಇದನ್ನೇ ಹಿಸ್ಟರಿಸಿಸ್ ಅನ್ನುತ್ತಾರೆ.

ಈಗ ಕೇಳಬೇಕಾದ ಪ್ರಶ್ನೆ. ಪ್ರಿಸೆಟ್‌ನ ನಡುಗಾಲು ಸಡಿಲವಾದರೆ? ಅಡುಗೆಮನೆಯ ಜಿಡ್ಡು, ತೇವಕ್ಕೆ ಅಗ್ಗದ ಪ್ರಿಸೆಟ್‌ಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಆಗ 3ನೇ ಪಿನ್ 470 ಕಿಲೋ ಮೂಲಕ 5 ವೋಲ್ಟಿನ ಹತ್ತಿರಕ್ಕೆ ಏರಿ ಕೂತುಬಿಡುತ್ತದೆ. ಸಿಗ್ನಲ್ ಎಷ್ಟೇ ಏರಿದರೂ ಅಲ್ಲಿಗೆ ತಲುಪುವುದು ಕಷ್ಟ. ಅಲಾರಂ ಮೂಕ. ಇದನ್ನು ತಪ್ಪಿಸಲು 3ನೇ ಪಿನ್‌ನಿಂದ ಗ್ರೌಂಡಿಗೆ 100 ಕಿಲೋ ಹಾಕಿ. ಈಗ ನಡುಗಾಲು ಬಿಟ್ಟುಹೋದರೆ ಮಟ್ಟ 0.9 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಅಂದರೆ ಅಲಾರಂ ಮೂಕವಾಗುವ ಬದಲು ಅತಿಸೂಕ್ಷ್ಮವಾಗುತ್ತದೆ, ಸ್ವಲ್ಪ ಗ್ಯಾಸಿಗೂ ಕೂಗುತ್ತದೆ, ಕೂಗಿದ ಮೇಲೆ ನಿಲ್ಲುವುದೂ ಇಲ್ಲ. ಮನೆಯವರು ಏನಾಯಿತು ಅಂತ ಬಂದು ನೋಡುತ್ತಾರೆ. ನಮಗೆ ಬೇಕಾದ್ದೂ ಅದೇ ಅಲ್ವಾ? ಒಂದೇ ಒಂದು ರೆಸಿಸ್ಟರ್, ಅದರಿಂದ ಕೆಟ್ಟು ಸುಮ್ಮನಾಗುತ್ತಿದ್ದದ್ದು ಕೆಟ್ಟು ಕೂಗುವಂತಾಯಿತು. ಒಂದು ಗಮನ, ಈ 100 ಕಿಲೋ ಹಾಕಿದ ಮೇಲೆ ಮಟ್ಟವನ್ನು ಪ್ರಿಸೆಟ್ ಕಾಲಿನಲ್ಲಿ ಅಳೆಯಬೇಡಿ. 3ನೇ ಪಿನ್‌ನಲ್ಲೇ ಅಳೆಯಿರಿ.

ಹೀಟರಿಗೆ ಒಂದು ಕಾವಲು

ಎಂಕ್ಯೂ-6ನಲ್ಲಿ ಅಪಾಯಕಾರಿ ಕೇಡು ಹೀಟರ್ ತುಂಡಾಗುವುದು. ಲೇಪ ತಣ್ಣಗಾದರೆ ರೆಸಿಸ್ಟೆನ್ಸ್ ಬಹಳ ಏರುತ್ತದೆ, ಸಿಗ್ನಲ್ ಸೊನ್ನೆಯತ್ತ ಇಳಿಯುತ್ತದೆ. ಕಂಪ್ಯಾರೇಟರಿಗೆ ಅದು 'ಗಾಳಿ ಶುದ್ಧವಾಗಿದೆ' ಅಂತಲೇ ಕಾಣುತ್ತದೆ. ಪವರ್ ಇದೆ ಅಂತ ತೋರಿಸಲು ಎಲ್ಇಡಿ ಹಾಕಿದ್ದರೆ ಅದು ಹಸಿರಾಗಿ ಉರಿಯುತ್ತಲೇ ಇರುತ್ತದೆ. ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ.

ಎಲ್‌ಎಂ393ರಲ್ಲಿ ಇನ್ನೊಂದು ಕಂಪ್ಯಾರೇಟರ್ ಸುಮ್ಮನೆ ಕೂತಿದೆಯಲ್ಲ, ಅದನ್ನು ಇದಕ್ಕೆ ಬಳಸಿ. ಹೀಟರಿನ ಒಂದು ಎಚ್ ಕಾಲು 5 ವೋಲ್ಟಿಗೆ. ಇನ್ನೊಂದನ್ನು ನೇರ ಗ್ರೌಂಡಿಗೆ ಕೊಡುವ ಬದಲು 0.47 ಓಮ್ ರೆಸಿಸ್ಟರ್ ಮೂಲಕ ಕೊಡಿ. 150 ಮಿಲಿಆಂಪ್ ಹರಿದರೆ ಅದರ ಮೇಲೆ 0.07 ವೋಲ್ಟ್ ಬೀಳುತ್ತದೆ. ಹೀಟರಿಗೆ 4.93 ವೋಲ್ಟ್ ಉಳಿಯುತ್ತದೆ. ಡೇಟಾಶೀಟ್ ಒಪ್ಪುವ ವ್ಯತ್ಯಾಸ ಎರಡೂ ಕಡೆಗೆ 0.1 ವೋಲ್ಟ್, ಹಾಗಾಗಿ ಇದು ನಡೆಯುತ್ತದೆ. ಆ 0.07 ವೋಲ್ಟ್ ಇರುವ ಬಿಂದುವನ್ನು 5ನೇ ಪಿನ್‌ಗೆ ಕೊಡಿ. 6ನೇ ಪಿನ್‌ಗೆ 15 ಕಿಲೋ ಮತ್ತು 100 ಓಮ್ ಜೋಡಿಯಿಂದ 5 ವೋಲ್ಟನ್ನು ಭಾಗಿಸಿ ಸುಮಾರು 0.033 ವೋಲ್ಟ್ ಕೊಡಿ. 7ನೇ ಪಿನ್‌ಗೆ ಒಂದು ಹಳದಿ ಎಲ್ಇಡಿ, 5 ವೋಲ್ಟಿನಿಂದ 1 ಕಿಲೋ ಮೂಲಕ.

ಹೀಟರಿನಲ್ಲಿ ಕರೆಂಟ್ ಹರಿಯುವವರೆಗೆ ಹಳದಿ ದೀಪ ಆರಿರುತ್ತದೆ. ಹೀಟರ್ ತುಂಡಾಯಿತು, ಅಥವಾ ಅದರ ತಂತಿ ಕಿತ್ತುಬಂತು ಅಂದರೆ ಹತ್ತುತ್ತದೆ. ಕಟ್ಟಿ ಮುಗಿದ ಮೇಲೆ ಹೀಟರ್ ತಂತಿಯನ್ನು ಬೇಕಂತಲೇ ಬಿಚ್ಚಿ ನೋಡಿ. ದೀಪ ಹತ್ತಲೇಬೇಕು.

ಇಷ್ಟು ಸಣ್ಣ ವೋಲ್ಟೇಜ್ ಅಳೆಯುವಾಗ ಗ್ರೌಂಡ್ ತಂತಿಯ ವಿಷಯ ದೊಡ್ಡದಾಗುತ್ತದೆ. ಬ್ರೆಡ್‌ಬೋರ್ಡಿನ (ಸೋಲ್ಡರ್ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ) ಬಡಕಲು ಜಂಪರ್, ಅದರ ಸಡಿಲ ಬಾಯಿ ಎಲ್ಲ ಸೇರಿ 0.2 ಓಮ್ ಇದ್ದರೂ 150 ಮಿಲಿಆಂಪಿಗೆ 0.03 ವೋಲ್ಟ್ ತಪ್ಪು ನುಸುಳುತ್ತದೆ. ನಾವು ಹೋಲಿಸುತ್ತಿರುವುದೇ 0.033ರ ಜೊತೆ! ಹಾಗಾಗಿ ಹೀಟರಿನ ಗ್ರೌಂಡ್ ತಂತಿ ಬೇರೆ, ಸಿಗ್ನಲ್ ಕಡೆಯ ಗ್ರೌಂಡ್ ತಂತಿ ಬೇರೆ. ಎರಡೂ ಪವರ್ ಬರುವ ಜಾಗದಲ್ಲಿ ಮಾತ್ರ ಸೇರಬೇಕು. ಪ್ರಯೋಗ ಮುಗಿದ ಮೇಲೆ ಬ್ರೆಡ್‌ಬೋರ್ಡ್ ಬಿಟ್ಟು ವೆರೋಬೋರ್ಡಿನಲ್ಲಿ ಸೋಲ್ಡರ್ ಮಾಡಿ. ಅಡುಗೆಮನೆಯ ತೇವಕ್ಕೆ ಬ್ರೆಡ್‌ಬೋರ್ಡ್ ಬಾಳುವುದಿಲ್ಲ.

ಹೊಂದಿಸುವುದು

ಪವರ್ ಕೊಟ್ಟ ಮೊದಲ ನಿಮಿಷಗಳಲ್ಲಿ ಬಜರ್ ಕೂಗಿದರೆ ಗಾಬರಿ ಬೇಡ. ತಣ್ಣಗಿದ್ದ ಲೇಪ ಬಿಸಿಯಾಗುವಾಗ ರೆಸಿಸ್ಟೆನ್ಸ್ ಮೊದಲು ದಡಕ್ಕನೆ ಇಳಿದು, ಆಮೇಲೆ ನಿಧಾನವಾಗಿ ಏರಿ ನೆಲೆಗೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗಲೂ ಹೀಗಾಗಬಹುದು. ಈ ಹೊತ್ತಿನಲ್ಲಿ ಪ್ರಿಸೆಟ್ ಮುಟ್ಟಬೇಡಿ. ಹೊಸ ಸೆನ್ಸರನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಬಿಸಿಯಾಗಲು ಬಿಟ್ಟು ಆಮೇಲೆ ಅಳೆಯಬೇಕು ಅಂತ ಡೇಟಾಶೀಟೇ ಹೇಳುತ್ತದೆ. ಸಂಜೆ ಕಟ್ಟಿ, ರಾತ್ರಿಯೇ ಹೊಂದಿಸಿಬಿಟ್ಟ ಅಲಾರಂ ಎರಡು ದಿನ ಕಳೆದ ಮೇಲೆ ಬೇರೆಯೇ ಮಟ್ಟಕ್ಕೆ ಕೂಗುತ್ತಿರುತ್ತದೆ.

ಎಷ್ಟು ಗ್ಯಾಸಿಗೆ ಕೂಗಬೇಕು? ಗಾಳಿಯಲ್ಲಿ ಎಲ್‌ಪಿಜಿ ಸುಮಾರು 1.8 ಶೇಕಡಾ ಆದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಇದನ್ನು ಎಲ್‌ಇಎಲ್ ಅನ್ನುತ್ತಾರೆ. ಪಿಪಿಎಂ ಲೆಕ್ಕದಲ್ಲಿ 18,000. ಅದರ ಹತ್ತನೇ ಒಂದು ಭಾಗ 1800. ಅಲ್ಲಿಗೆ ತಲುಪುವ ಮೊದಲೇ ಅಲಾರಂ ಕೂಗಿದರೆ ಕಿಟಕಿ ತೆಗೆದು ರೆಗ್ಯುಲೇಟರ್ ಮುಚ್ಚಲು ಸಮಯ ಸಿಗುತ್ತದೆ. ನಾನು 1500 ಆಸುಪಾಸನ್ನು ಆರಿಸುತ್ತೇನೆ. ಇನ್ನೂ ಕಡಿಮೆ ಇಟ್ಟರೆ ಇನ್ನೂ ಕ್ಷೇಮ ಅಲ್ವಾ ಅಂತ ಕೇಳಬಹುದು. ಅನುಭವ ಬೇರೆಯೇ ಹೇಳುತ್ತದೆ. ಎಂಕ್ಯೂ-6 ಎಲ್‌ಪಿಜಿಯನ್ನೇ ಚೆನ್ನಾಗಿ ಹಿಡಿದರೂ ಸ್ಯಾನಿಟೈಸರ್, ಡಿಯೋಡರೆಂಟ್, ಸ್ಪಿರಿಟ್ ಆವಿಗೂ ಸ್ವಲ್ಪ ಪ್ರತಿಕ್ರಿಯಿಸುತ್ತದೆ. ಒಗ್ಗರಣೆ ಹಾಕಿದಾಗಲೆಲ್ಲ ಕೂಗುವ ಅಲಾರಮ್ಮಿನ ಪ್ಲಗ್ಗನ್ನು ಮನೆಯವರು ಒಂದು ವಾರದೊಳಗೆ ಕಿತ್ತಿಡುತ್ತಾರೆ. ಅವರನ್ನು ದೂರುವಂತಿಲ್ಲ. ಸುಳ್ಳು ಕೂಗು ಕಡಿಮೆ ಮಾಡುವುದೂ ಸುರಕ್ಷತೆಯ ಭಾಗವೇ.

ಬರಿ ಲೈಟರ್ ಹಿಡಿದು ಹೊಂದಿಸಬೇಡಿ. ಲೈಟರಿನ ಮೂತಿಯಲ್ಲಿ ಗ್ಯಾಸ್ ಎಷ್ಟೋ ಸಾವಿರ ಪಿಪಿಎಂ. ಅದಕ್ಕೆ ಕೂಗಿದರೆ ಸೆನ್ಸರ್ ಜೀವಂತ ಇದೆ ಅಂತ ಮಾತ್ರ ಅರ್ಥ. ಮಟ್ಟ ಹೊಂದಿಸಲು ಅಳತೆಯ ಗ್ಯಾಸ್ ಬೇಕು. ಮುಚ್ಚಳ ಬಿಗಿಯಾಗಿ ಕೂರುವ 10 ಲೀಟರಿನ ಪಾರದರ್ಶಕ ಡಬ್ಬ ಸಾಕು. 10 ಲೀಟರ್ ಗಾಳಿಗೆ 10 ಮಿಲಿಲೀಟರ್ ಗ್ಯಾಸ್ ಸೇರಿದರೆ 1000 ಪಿಪಿಎಂ, 15 ಸೇರಿದರೆ 1500. ಔಷಧಿ ಅಂಗಡಿಯ 20 ಮಿಲಿಲೀಟರ್ ಸಿರಿಂಜ್ ಸಾಲುತ್ತದೆ. ಲೈಟರ್ ತುಂಬಿಸುವ ಗ್ಯಾಸ್ ಕ್ಯಾನನ್ನು ನೆಟ್ಟಗೆ ಹಿಡಿದು ಸೂಜಿಯಿಲ್ಲದ ಸಿರಿಂಜಿನ ಬಾಯಿಗೆ ಮೆಲ್ಲಗೆ ಒತ್ತಿದರೆ ಗ್ಯಾಸೇ ಹಿಡಿಯನ್ನು ಹಿಂದೆ ತಳ್ಳುತ್ತದೆ. ಕ್ಯಾನ್ ತಲೆಕೆಳಗಾದರೆ ದ್ರವ ಬರುತ್ತದೆ, ಅಳತೆ ಪೂರ್ತಿ ಕೆಡುತ್ತದೆ. ಈ ಕೆಲಸ ತಾರಸಿಯಲ್ಲಿ, ಬೆಂಕಿ ಕಡ್ಡಿ ಸುಳಿಯದ ಕಡೆ ಮಾಡಿ. ಅಡುಗೆ ಸಿಲಿಂಡರಿನಿಂದ ಗ್ಯಾಸ್ ಹಿಡಿಯುವ ಸಾಹಸಕ್ಕೆ ಹೋಗಬೇಡಿ.

ಸೆನ್ಸರ್ ಮಾತ್ರ ಡಬ್ಬದ ಒಳಗಿರಲಿ. ಬೋರ್ಡ್, ಬಜರ್, ಮೀಟರ್ ಎಲ್ಲ ಹೊರಗೆ. ಚೆನ್ನಾಗಿ ಬಿಸಿಯಾಗಿ ನೆಲೆಗೊಂಡ ಸೆನ್ಸರನ್ನು ಒಳಗಿಟ್ಟು ಮುಚ್ಚಿ. ಮುಚ್ಚಳದ ಸಣ್ಣ ತೂತಿನಿಂದ 15 ಮಿಲಿಲೀಟರ್ ಗ್ಯಾಸ್ ಬಿಟ್ಟು ಟೇಪ್ ಅಂಟಿಸಿ. ಗ್ಯಾಸ್ ಭಾರವಾದ್ದರಿಂದ ತಳಕ್ಕೆ ಕೂರುತ್ತದೆ, ಡಬ್ಬವನ್ನು ಮೆಲ್ಲಗೆ ಅಲ್ಲಾಡಿಸಿ. ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ 2ನೇ ಪಿನ್‌ಗೆ ಹಿಡಿಯಿರಿ. ಅಂಕಿ ಮೊದಲು ಸರಸರ ಏರುತ್ತದೆ, ಆಮೇಲೆ ಕೊನೆಯ ಅಂಕಿಯಷ್ಟೇ ಅತ್ತಿತ್ತ ಆಡುತ್ತ ನಿಲ್ಲುತ್ತದೆ. ಆ ವೋಲ್ಟೇಜ್ ಬರೆದುಕೊಳ್ಳಿ. ನಮ್ಮ ಉದಾಹರಣೆಯ ಸೆನ್ಸರಿಗೆ ಅದು 2.7ರ ಹತ್ತಿರ ಇರುತ್ತದೆ. ನಿಮ್ಮದು ಬೇರೆಯೇ ಇರಬಹುದು, ಒಂದೇ ಡಬ್ಬಿಯಿಂದ ತೆಗೆದ ಎರಡು ಸೆನ್ಸರ್‌ಗಳೂ ಒಂದೇ ಥರ ಇರುವುದಿಲ್ಲ. ಡಬ್ಬ ತೆರೆದು ಗಾಳಿಯಾಡಿಸಿ, ಬಜರ್ ನಿಂತಿರುವಾಗ 3ನೇ ಪಿನ್‌ನಲ್ಲಿ ಅದೇ ವೋಲ್ಟೇಜ್ ಬರುವಂತೆ ಪ್ರಿಸೆಟ್ ತಿರುಗಿಸಿ. ಮತ್ತೆ ಗ್ಯಾಸ್ ಬಿಟ್ಟು ನೋಡಿ. ಸರಿಯಾದ ಮೇಲೆ ಪ್ರಿಸೆಟ್ ಅಲುಗದಂತೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿ.

ಲೈಟರ್ ಗ್ಯಾಸ್ ಬಹುತೇಕ ಬ್ಯೂಟೇನ್. ನಮ್ಮ ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್ ಮಿಶ್ರಣ. ಹಾಗಾಗಿ ಈ ವಿಧಾನದಿಂದ ಸಿಗುವುದು ಹತ್ತಿರದ ಉತ್ತರ, ಪ್ರಯೋಗಾಲಯದ ನಿಖರತೆ ಅಲ್ಲ. ಹವೆಯೂ ಸೇರಿಕೊಳ್ಳುತ್ತದೆ. ತೇವ, ಸೆಖೆ ಜಾಸ್ತಿಯಾದರೆ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ. ಡೇಟಾಶೀಟಿನ ಗ್ರಾಫ್ 20 ಡಿಗ್ರಿ, ಶೇಕಡಾ 65 ತೇವಾಂಶಕ್ಕೆ ಬರೆದದ್ದು. ಮಂಗಳೂರಿನ ಮಳೆಗಾಲ ಅದಕ್ಕೆ ಹತ್ತಿರವೂ ಇಲ್ಲ. ಒಣ ಚಳಿಗಾಲದಲ್ಲಿ ಕಲಬುರಗಿಯಲ್ಲಿ ಹೊಂದಿಸಿದ ಅಲಾರಂ ಕರಾವಳಿಗೆ ಹೋದರೆ ಬೇಗ ಕೂಗುತ್ತದೆ. ಎಲ್ಲಿ ಇಡುತ್ತೀರೋ ಅಲ್ಲಿಯೇ ಹೊಂದಿಸಿ.

ಎಕ್ಸಾಸ್ಟ್ ಫ್ಯಾನ್ ಬೇಡ

ಪ್ರಾಜೆಕ್ಟ್ ವರದಿಗಳಲ್ಲಿ ಪದೇ ಪದೇ ಕಾಣುವ ಒಂದು ಐಡಿಯಾ ಇದೆ. ಗ್ಯಾಸ್ ಸೋರಿದರೆ ರಿಲೇ (ಕಾಯಿಲ್ಲಿಗೆ ಕರೆಂಟ್ ಕೊಟ್ಟಾಗ ಎಳೆದುಕೊಳ್ಳುವ ಸ್ವಿಚ್) ಮೂಲಕ ಎಕ್ಸಾಸ್ಟ್ ಫ್ಯಾನ್ ತಾನೇ ಚಾಲೂ ಆಗುವುದು. ಕೇಳಲು ಜಾಣತನ ಅನ್ನಿಸುತ್ತದೆ, ದಯವಿಟ್ಟು ಮಾಡಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ ಅಂತ ಸಿಲಿಂಡರ್ ಕೊಡುವವರೇ ಹೇಳುತ್ತಾರೆ. ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ ಅನ್ನುವುದೇ ಕಾರಣ. 230 ವೋಲ್ಟಿನ ಮೋಟರಿಗೆ ಕರೆಂಟ್ ಬಿಡುವ ರಿಲೇ ಕೂಡ ಒಂದು ಸ್ವಿಚ್ಚೇ. ಗ್ಯಾಸ್ ತುಂಬಿದ ಕೋಣೆಯಲ್ಲಿ ನಾವು ಮಾಡಬಾರದ್ದನ್ನು ಸರ್ಕ್ಯೂಟ್ ನಮ್ಮ ಪರವಾಗಿ ಮಾಡಿದಂತಾಗುತ್ತದೆ.

ರಿಲೇ ಬಳಸುವುದಾದರೆ ಬೇರೆ ಕೆಲಸಕ್ಕೆ ಬಳಸಿ. ಮೊದಲು ಬೋರ್ಡನ್ನೇ ಅಡುಗೆಮನೆಯ ಹೊರಗಿಡಿ, ಸೆನ್ಸರ್ ಮಾತ್ರ ಒಳಗೆ. 0.5 ಚದರ ಮಿಲಿಮೀಟರ್ ತಾಮ್ರದ ತಂತಿ 3 ಮೀಟರ್ ಎಳೆದರೆ ಹೋಗಿಬರುವ ದಾರಿಯಲ್ಲಿ ಸುಮಾರು 0.2 ಓಮ್ ಆಗುತ್ತದೆ, ಹೀಟರಿಗೆ 0.03 ವೋಲ್ಟ್ ಕಡಿಮೆ ಸಿಗುತ್ತದೆ. ಅಷ್ಟು ತಡೆದುಕೊಳ್ಳಬಹುದು. ಅದಕ್ಕಿಂತ ಉದ್ದ ಬೇಕಾದರೆ ದಪ್ಪ ತಂತಿ ಹಾಕಿ.

ಆಮೇಲೆ ಒಂದು 5 ವೋಲ್ಟ್ ರಿಲೇಯ ಕಾಯಿಲ್ಲನ್ನು ನೇರ ಅಡಾಪ್ಟರಿಗೆ ಕಟ್ಟಿ. ಕರೆಂಟ್ ಇರುವಷ್ಟು ಹೊತ್ತೂ ಅದು ಎಳೆದುಕೊಂಡೇ ಇರಲಿ. ಅದರ ಎನ್‌ಸಿ ಕಾಂಟ್ಯಾಕ್ಟಿಗೆ (ಕಾಯಿಲ್ಲಿಗೆ ಕರೆಂಟ್ ಇಲ್ಲದಾಗ ಮುಚ್ಚಿರುವ ಕಾಂಟ್ಯಾಕ್ಟ್) 9 ವೋಲ್ಟ್ ಬ್ಯಾಟರಿ ಮತ್ತು ಅದಕ್ಕೆ ಒಪ್ಪುವ ಒಂದು ಸಣ್ಣ ಬಜರ್. ಕರೆಂಟ್ ಇದ್ದಾಗ ಈ ದಾರಿ ತೆರೆದಿರುತ್ತದೆ, ಬ್ಯಾಟರಿ ಖರ್ಚಾಗುವುದಿಲ್ಲ. ಅಡಾಪ್ಟರ್ ಸತ್ತರೆ, ಯಾರಾದರೂ ಪ್ಲಗ್ ಕಿತ್ತರೆ, ಕರೆಂಟ್ ಹೋದರೆ ರಿಲೇ ಬಿಡುತ್ತದೆ, ಬಜರ್ ಕೂಗುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಇದು ಕಿರಿಕಿರಿ ಮಾಡುತ್ತದೆ, ನಿಜ. ಆ ಬಜರಿಗೆ ಒಂದು ಸ್ವಿಚ್ ಇಟ್ಟುಕೊಳ್ಳಿ. ಆದರೂ ಅಲಾರಂ ಈಗ ಕೆಲಸ ಮಾಡುತ್ತಿಲ್ಲ ಅಂತ ಒಂದು ಸಲ ಕಿವಿಗೆ ಬಿದ್ದಿರುತ್ತದೆ.

ಕಾರ್ಖಾನೆಗಳಲ್ಲಿ ಇದೇ ಯೋಚನೆ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಡಿಟೆಕ್ಟರ್‌ಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪ್ ಸಿಗ್ನಲ್ ಕಳಿಸುತ್ತವೆ. ಗ್ಯಾಸ್ ಇಲ್ಲದಿದ್ದರೂ 4 ಮಿಲಿಆಂಪ್ ಬರುತ್ತಲೇ ಇರಬೇಕು. 250 ಓಮ್ ರೆಸಿಸ್ಟರಿನ ಮೇಲೆ ಅದು 1 ವೋಲ್ಟ್, 20 ಮಿಲಿಆಂಪ್ ಆದರೆ 5 ವೋಲ್ಟ್. ಸೊನ್ನೆ ಬಂತು ಅಂದರೆ ಗ್ಯಾಸ್ ಇಲ್ಲ ಅಂತಲ್ಲ, ತಂತಿ ತುಂಡಾಗಿದೆ ಅಂತ ಕಂಟ್ರೋಲ್ ರೂಮಿಗೆ ಕೂಡಲೇ ಗೊತ್ತಾಗುತ್ತದೆ. ಅಲಾರಂ ರಿಲೇಗಳನ್ನೂ ಸದಾ ಎಳೆದ ಸ್ಥಿತಿಯಲ್ಲೇ ಇಡುವ ಪದ್ಧತಿ ಇದೆ.

ಎಲ್ಲಿ ಇಡಬೇಕು, ಹೇಗೆ ನೋಡಿಕೊಳ್ಳಬೇಕು

ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದ ಎಲ್‌ಪಿಜಿ ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಸೆನ್ಸರ್ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಒಲೆಯ ಆವಿ ನೇರ ಬಡಿಯದ ಕಡೆ, ನೆಲ ತೊಳೆಯುವಾಗ ನೀರು ಸಿಡಿಯದ ಕಡೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿರುವಂತೆ ನಿಮ್ಮ ಮನೆಗೆ ಪೈಪಿನಲ್ಲಿ ಗ್ಯಾಸ್ ಬರುತ್ತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಸೆನ್ಸರ್ ಚಾವಣಿಯ ಹತ್ತಿರ ಇರಬೇಕು, ಎಂಕ್ಯೂ-6 ಬದಲು ಎಂಕ್ಯೂ-4 ಬೇಕು. ಸಿಲಿಂಡರಿನಿಂದ ಪೈಪಿಗೆ ಬದಲಾದವರು ಹಳೆಯ ಅಲಾರಂ ಅಲ್ಲೇ ಬಿಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ.

ಸಿಲಿಕೋನ್ ಆವಿ ಈ ಸೆನ್ಸರಿಗೆ ವಿಷ. ಸಿಂಕ್ ಸುತ್ತ ಹಚ್ಚುವ ಸಿಲಿಕೋನ್ ಸೀಲೆಂಟ್‌ನ ಆವಿ ಟಿನ್ ಆಕ್ಸೈಡಿನ ಮೇಲೆ ಕೂತರೆ ಸೆನ್ಸರ್ ಮತ್ತೆ ಚೇತರಿಸಿಕೊಳ್ಳದಿರಬಹುದು. ಅಂಥ ಕೆಲಸ ನಡೆಯುವಾಗ ಸೆನ್ಸರ್ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಅದನ್ನು ಕೂರಿಸಲು ಸಿಲಿಕೋನ್ ಗಮ್ ಬಳಸಬೇಡಿ. ಜಾಲರಿಯ ಮೇಲೆ ಎಣ್ಣೆ ಜಿಡ್ಡಿನ ಪದರ ಕೂತಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಮೇಣದಂತೆ ಹೊಳೆಯುತ್ತಿದ್ದರೆ, ತೂತುಗಳು ಕಾಣದಂತಾಗಿದ್ದರೆ ಸೆನ್ಸರ್ ಬದಲಾಯಿಸುವುದೇ ಒಳ್ಳೆಯದು. ಬದಲಾಯಿಸಿದ ಮೇಲೆ 24 ಗಂಟೆಯ ಕಾಯುವಿಕೆ, ಡಬ್ಬದ ಪರೀಕ್ಷೆ ಎಲ್ಲ ಮತ್ತೆ ಮೊದಲಿನಿಂದ.

ಹಳದಿ ದೀಪ ಹೀಟರನ್ನು ಕಾಯುತ್ತದೆ, ರಿಲೇ ಕರೆಂಟನ್ನು ಕಾಯುತ್ತದೆ. ಆದರೆ ಬಿ ಕಾಲಿನ ತಂತಿ ಕಿತ್ತುಬಂದರೆ, ಬಜರೇ ಕೆಟ್ಟರೆ, ಟ್ರಾನ್ಸಿಸ್ಟರ್ ಹೋದರೆ ಇವೆರಡಕ್ಕೂ ಗೊತ್ತಾಗುವುದಿಲ್ಲ. ಅದಕ್ಕೆ ಉಳಿದಿರುವುದು ಒಂದೇ ದಾರಿ, ಗ್ಯಾಸ್ ತೋರಿಸಿ ನೋಡುವುದು. ತಿಂಗಳಿಗೊಮ್ಮೆ ಒಲೆ ಆರಿಸಿ, ಕಿಟಕಿ ತೆಗೆದು, ಜ್ವಾಲೆ ಹೊತ್ತಿಸದೆ ಲೈಟರಿನ ಗ್ಯಾಸ್ ಮಾತ್ರ ಒಂದೆರಡು ಕ್ಷಣ ಸೆನ್ಸರಿಗೆ ತಾಗಿಸಿ. ಕಿಡಿ ಹಾರಿಸುವ ಚಕ್ರದ ಲೈಟರ್ ಬೇಡ, ಲೈಟರ್ ತುಂಬಿಸುವ ಕ್ಯಾನಿನಿಂದ ಸಿರಿಂಜಿಗೆ ಹಿಡಿದ ಒಂದೆರಡು ಮಿಲಿಲೀಟರ್ ಇನ್ನೂ ಒಳ್ಳೆಯದು. ಕೂಗಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ದಿನಾಂಕದ ಜೊತೆ ಪೆಟ್ಟಿಗೆಯ ಮೇಲೆಯೇ ಬರೆದಿಡಿ. ಆ ಸಮಯ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿದ್ದರೆ ಸೆನ್ಸರ್ ಮಂಕಾಗುತ್ತಿದೆ. ಅದೇ ಪೆಟ್ಟಿಗೆಯ ಮೇಲೆ ಇನ್ನೊಂದು ಅಂಕಿಯನ್ನೂ ದೊಡ್ಡದಾಗಿ ಬರೆಯಿರಿ: 1906, ಎಲ್‌ಪಿಜಿ ಸೋರಿಕೆಗೆ ಇರುವ ತುರ್ತು ಸಹಾಯವಾಣಿ. ಕರೆ ಮಾಡುವುದು ಮಾತ್ರ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಮನೆಯಿಂದ ಹೊರಗೆ ಬಂದ ಮೇಲೆ.